ಬಾವಿ ಪಕ್ಕದ ತಾಕು

ಮನೆಯಿಂದ,
ಹದಿನೇಳನೇ ತಾರೀಕು, ಗುರುವಾರ ಮಧ್ಯಾಹ್ನ.

ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಕಣ್ಣು ಹೇಗಿದೆ? ಬಲಗಣ್ಣಿನ ಪಟ್ಟಿ ಬಿಚ್ಚಿದರೆಂದು ಅತ್ತಿಗೆ ಹೋದ ವಾರ ತಿಳಿಸಿದರು. ಬೆಳಕು ಚುಚ್ಚುತ್ತದೆಯೇ? ನೀರು ಸುರಿಯುವುದು ನಿಂತಿದೆಯೇ? ಹನಿ ಹಾಕುವಾಗ ಸುಮ್ಮನೆ ಕೂರುತ್ತೀರೋ, ಇಲ್ಲಿದ್ದಾಗಿನಂತೆ ತಲೆ ಕೊಡವಿ ಅರ್ಧ ಔಷಧಿಯನ್ನು ಕಿವಿಗೆ ಕುಡಿಸುತ್ತೀರೋ? ಎಡಗಣ್ಣಿಗೂ ಇಷ್ಟರಲ್ಲೇ ದಿನ ಗೊತ್ತುಮಾಡುತ್ತಾರಂತೆ. ಆತುರಪಡಬೇಡಿ. ಮಗಳ ಮನೆಯಲ್ಲಿ ಒಂದು ಬೆಳೆಯ ಕಾಲ ಕಳೆದಿರಿ, ಇನ್ನೊಂದು ತಿಂಗಳು ಹೆಚ್ಚೇನಲ್ಲ. ಮೊಮ್ಮಕ್ಕಳ ಜೊತೆ ರೇಡಿಯೋಗಾಗಿ ಜಗಳವಾಡುತ್ತೀರೆಂದು ಕೇಳಿ ಅತ್ತೆಗೆ ಬಹಳ ಸಮಾಧಾನವಾಯಿತು. ಜಗಳವಾಡುವಷ್ಟು ಶಕ್ತಿ ಇದೆ ಎಂದರೆ ಆರೋಗ್ಯವಾಗಿದ್ದಾರೆ ಎಂದರು.

ಫೋನು ಇರುವಾಗ ಪತ್ರ ಯಾಕೆ ಎಂದು ನೀವು ಕೇಳಲಾರಿರಿ. ಜೋಳದ ವಿಷಯವನ್ನು ಅವತ್ತು ಇವರು ಫೋನಿನಲ್ಲಿ ಹೇಳಿದ ಮೇಲೆ ನೀವು ಈ ಮನೆಯ ಯಾರ ಫೋನಿಗೂ ಬಂದಿಲ್ಲ. ನಾನು ಮಾಡಿದಾಗಲೆಲ್ಲ ನೀವು ಮಲಗಿದ್ದೀರಿ ಎಂದು ಅತ್ತಿಗೆ ಹೇಳಿದರು. ನೀವು ಹಗಲಲ್ಲಿ ಮಲಗುವವರಲ್ಲ, ಅತ್ತಿಗೆ ಸುಳ್ಳು ಹೇಳಿ ಅಭ್ಯಾಸ ಇರುವವರೂ ಅಲ್ಲ, ಆದ್ದರಿಂದ ನನಗೆ ಅರ್ಥವಾಯಿತು. ಪತ್ರವಾದರೆ ನಡುವೆ ಕೆಳಗಿಡಲು ಆಗುವುದಿಲ್ಲ. ಅತ್ತಿಗೆ, ಇದನ್ನು ಓದಿ ಹೇಳುವವರು ನೀವೇ ಎಂದು ಗೊತ್ತು. ದಯವಿಟ್ಟು ಎಲ್ಲೂ ಹಾರಿಸಬೇಡಿ. ಮಾವ ಸಾಕು ಎಂದು ಕೈ ಎತ್ತಿದರೂ ಓದುತ್ತಾ ಹೋಗಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯ ಮಂಡಿ ನೋವು ಚಳಿ ಬಂದಾಗ ಏಳುತ್ತದೆ, ಬಿಸಿಲು ಬಂದಾಗ ಕೂರುತ್ತದೆ. ನೀವು ಹೊರಟಾಗ ನಿಮ್ಮ ಜೊತೆ ಹೋಗಿ ಎಂದರೆ ಅವರು ಹೇಳಿದ್ದು ನೆನಪಿದೆಯಲ್ಲ: "ಇಷ್ಟು ವರ್ಷ ಇವರ ಮುಖ ನೋಡಿದ್ದು ಸಾಕು, ಒಂದು ಬೆಳೆ ಎಮ್ಮೆ ಮುಖ ನೋಡ್ಕೊಂಡಿರ್ತೀನಿ." ಅದರಂತೆಯೇ ನೋಡಿಕೊಂಡಿದ್ದಾರೆ. ಎಮ್ಮೆ ಎರಡು ಹೊತ್ತೂ ತಕರಾರಿಲ್ಲದೆ ಹಾಲು ಕೊಡುತ್ತಿದೆ. ಹಿಂದಿನ ಕೋಣೆಯ ಸೂರಿನ ಹೆಂಚು ಎರಡು ಕಡೆ ಜಾರಿತ್ತು, ಸರಿ ಮಾಡಿಸಿದ್ದೇವೆ. ಬಾವಿಯ ಮೋಟಾರು ಒಮ್ಮೆ ಸುಟ್ಟುಹೋಯಿತು, ಅದೂ ರಿಪೇರಿಯಾಯಿತು. ಇನ್ನು ಹೊಲದ ಸುದ್ದಿ. ಅದನ್ನು ಮೊದಲಿನಿಂದ ಹೇಳುತ್ತೇನೆ. ನೀವು ಕೇಳಿದ್ದು ಕೊನೆಯ ತುಂಡು ಮಾತ್ರ, ಅದೂ ಫೋನಿನಲ್ಲಿ, ಅದೂ ಮಾತು ಬಾರದ ನಿಮ್ಮ ಮಗನ ಬಾಯಿಂದ.

ನೀವು ಊರು ಬಿಡುವ ಹಿಂದಿನ ವಾರ ಕೃಷಿ ಇಲಾಖೆಯ ಆಫೀಸರಮ್ಮ ಮನೆಗೆ ಬಂದಿದ್ದರು. ನೀವು ಜಗಲಿ ಬಿಟ್ಟು ಏಳಲಿಲ್ಲ. ಐದು ಬಗೆಯ ಜೋಳ, ನಾಲ್ಕು ಬಗೆಯ ಮೆಕ್ಕೆಜೋಳ ತಂದಿದ್ದೇವೆ, ಈ ಸುತ್ತಿನ ಮಣ್ಣಿಗೆ ಯಾವುದು ಹೊಂದುತ್ತದೆಂದು ರೈತರ ಕಣ್ಣೆದುರೇ ಬೆಳೆದು ನೋಡಬೇಕು, ನಿಮ್ಮ ಹೊಲ ದಾರಿಗೆ ಹತ್ತಿರ ಇದೆ, ಕೊಡುತ್ತೀರಾ ಎಂದು ಅವರು ಕೇಳಿದರು. ನೀವು ಒಂದೇ ಷರತ್ತು ಹಾಕಿದಿರಿ. "ನಿಮ್ಮ ಐದರ ಪಕ್ಕ ನನ್ನದೂ ಒಂದು ನಿಲ್ಲಲಿ. ಬೆಳೆದ ಮೇಲೆ ಮಾತಾಡೋಣ." ಆಫೀಸರಮ್ಮ ನಕ್ಕು, ಊರಿನ ತಳಿ ಒಂದು ಇರಲೇಬೇಕು, ಅದು ಇಲ್ಲದಿದ್ದರೆ ಹೋಲಿಕೆ ಮಾಡುವುದು ಯಾವುದರ ಜೊತೆ ಎಂದರು. ನೀವು ಒಳಗೆ ಹೋಗಿ ನಿಮ್ಮ ಬೀಜವನ್ನು ಬೊಗಸೆಯಲ್ಲಿ ತಂದು ಅವರ ಸೆರಗಿಗೇ ಸುರಿದುಬಿಟ್ಟಿರಿ, ನಾನು ಚೀಲ ತಂದು ಕೊಡುವಷ್ಟರಲ್ಲಿ. ಈ ಸುತ್ತಿನಲ್ಲಿ ಆ ಬೀಜ ಬಿತ್ತದ ಮನೆ ಇಲ್ಲ ಎಂದಿರಿ. ಅದು ಸುಳ್ಳಲ್ಲ.

ನೀವು ಹೋದ ಮೇಲೆ ಬಿತ್ತನೆಯಾಯಿತು. ಅವರು ಹೊಲವನ್ನು ಹಗ್ಗ ಹಿಡಿದು ತಾಕುಗಳಾಗಿ ಒಡೆದು ಗೂಟ ನೆಟ್ಟರು. ಒಂದೊಂದು ತಳಿಗೂ ಒಂದೇ ಜಾಗವಲ್ಲ, ಮೂರು ಜಾಗ: ಒಂದು ಬಾವಿ ಪಕ್ಕ, ಒಂದು ನಡುವೆ, ಒಂದು ಆಚೆ ಬದುವಿನ ಕಡೆ. ಮಣ್ಣು ಎಲ್ಲ ಕಡೆ ಒಂದೇ ಇರುವುದಿಲ್ಲ, ಒಳ್ಳೆ ಜಾಗ ಸಿಕ್ಕಿದ್ದಕ್ಕೆ ಒಂದು ಗೆಲ್ಲಬಾರದು, ಕೆಟ್ಟ ಜಾಗ ಸಿಕ್ಕಿದ್ದಕ್ಕೆ ಇನ್ನೊಂದು ಸೋಲಬಾರದು ಎಂದು ವಿವರಿಸಿದರು. ಗೂಟದ ಮೇಲೆ ಹೆಸರು ಬರೆಯಲಿಲ್ಲ, ಬರೀ ಅಂಕಿ. ನಿಮ್ಮದು ಆರನೆಯ ನಂಬರು. ಎಲ್ಲಕ್ಕೂ ಒಂದೇ ಅಳತೆಯ ಗೊಬ್ಬರ, ಒಂದೇ ನೀರು, ಒಂದೇ ದಿನ ಕಳೆ ಎಂದು ಎರಡೆರಡು ಸಲ ಹೇಳಿದರು. ವಾರಕ್ಕೊಮ್ಮೆ ಎತ್ತರ, ಹೂವು, ಹುಳು ಎಲ್ಲ ನೋಡಿ ಬರೆಯುವವರು ಒಬ್ಬರು ಬೇಕು ಎಂದಾಗ ಇವರು ನನ್ನ ಕಡೆ ಗದ್ದ ತೋರಿಸಿ "ಇವಳು ಬರೀತಾಳೆ" ಎಂದರು. ಒಪ್ಪಿಗೆ ಕೇಳುವ ಪದ್ಧತಿ ನಿಮ್ಮ ಮನೆಯಲ್ಲಿ ಇಲ್ಲದ್ದರಿಂದ ನಾನೂ ಬೇಡವೆನ್ನಲಿಲ್ಲ. ಆಮೇಲೆ ಆ ಕೆಲಸ ನನಗೆ ಹಿಡಿಸಿತು. ಹಿಡಿಸಿತು ಎಂದು ಯಾರಿಗೂ ಹೇಳಿಲ್ಲ, ನಿಮಗೇ ಮೊದಲು.

ಮೆಕ್ಕೆಜೋಳದ ಕಥೆ ಚಿಕ್ಕದು. ನಾಲ್ಕರಲ್ಲಿ ಒಂದಕ್ಕೆ ಸುಳಿಯಲ್ಲಿ ಹುಳು ಬಿದ್ದು ಎಲೆಯೆಲ್ಲ ಜರಡಿಯಾಯಿತು. ಇನ್ನೊಂದು ಗಿಡ್ಡ ತಳಿ, ತೆನೆ ಮಾತ್ರ ಮೊಣಕೈ ಉದ್ದ. ಅದೇ ಗೆಲ್ಲುತ್ತದೆ ಎಂದುಕೊಂಡಿದ್ದೆ. ಆದರೆ ಅದರ ತೆನೆಯ ತುದಿಗೆ ಸಿಪ್ಪೆ ಸಾಲದು, ಕುಪ್ಪಸ ಬಿಗಿಯಾದ ಹುಡುಗಿಯ ಹಾಗೆ ಎಂದು ಅತ್ತೆ ಹೇಳಿದರು. ಮಳೆ ನೀರು ಒಳಗಿಳಿದು ತುದಿಯ ಕಾಳು ಕಪ್ಪಾಯಿತು. ಕೊನೆಗೆ ಜನ ಮೆಚ್ಚಿದ್ದು ಸಾಧಾರಣ ತೆನೆಯ, ಮೈತುಂಬ ಸಿಪ್ಪೆ ಹೊದ್ದ ಮೂರನೆಯದನ್ನು. ಅದರ ಬಗ್ಗೆ ಯಾರಿಗೂ ಬೇಸರವಿಲ್ಲ. ಅದು ಯಾರಪ್ಪನ ಬೀಜವೂ ಅಲ್ಲವಲ್ಲ.

ಜೋಳ ಬೇರೆ. ಮೊಳಕೆ ಬಂದಾಗ ನಿಮ್ಮದು ಎಲ್ಲಕ್ಕಿಂತ ಮುಂದಿತ್ತು. ಅದನ್ನು ನಾನು ಬರೆದಿದ್ದೇನೆ. ಮೊಣಕಾಲೆತ್ತರ ಬರುವ ಹೊತ್ತಿಗೆ ಉಳಿದವು ಅದರ ಸಮಕ್ಕೆ ಬಂದುಬಿಟ್ಟವು. ಆಮೇಲೆ ಒಂದು ವಿಚಿತ್ರ ಕಂಡಿತು. ನಡುವಿನ ತಾಕಿನಲ್ಲೂ ಬದುವಿನ ತಾಕಿನಲ್ಲೂ ನಿಮ್ಮ ಜೋಳ ಸಾಧಾರಣವಾಗಿತ್ತು. ಬಾವಿ ಪಕ್ಕದ ತಾಕಿನಲ್ಲಿ ಮಾತ್ರ ಕಡು ಹಸಿರು, ಹೆಬ್ಬೆರಳಿಗಿಂತ ದಪ್ಪ ದಂಟು, ಎಲೆಗೆ ಎಲೆ ತಾಗುವಷ್ಟು ಸೊಂಪು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅತ್ತೆಗೆ ಹಿಗ್ಗೋ ಹಿಗ್ಗು. "ನೋಡಿದ್ಯಾ, ಹೊರಗಿನವು ಐದೂ ಇದರ ಮುಂದೆ ಬಡಕಲು" ಎಂದು ದಿನವೂ ಒಮ್ಮೆ ಹೇಳುತ್ತಿದ್ದರು. ಬಾವಿಯ ತೇವ ಇರಬೇಕು ಎಂದು ನಾನೂ ಸುಮ್ಮನಾದೆ. ಆದರೆ ಅದರ ಮಗ್ಗುಲಲ್ಲೇ ಇದ್ದ ಎರಡನೆಯ ನಂಬರಿಗೆ ಆ ತೇವ ಯಾಕೆ ತಾಗಲಿಲ್ಲ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು.

ಆಫೀಸರಮ್ಮ ಬಂದವರು ಆ ತಾಕಿನ ಮುಂದೆ ಬಹಳ ಹೊತ್ತು ನಿಂತರು. ಬಗ್ಗಿ ಬುಡದ ಮಣ್ಣನ್ನು ಹಿಡಿಯಲ್ಲಿ ತೆಗೆದು ಪುಡಿಮಾಡಿದರು. ನನ್ನ ಮುಖ ನೋಡಲಿಲ್ಲ. "ಇಲ್ಲಿ ಏನಾದ್ರೂ ಜಾಸ್ತಿ ಬಿದ್ದಿದ್ಯಾ?" ಎಂದರು. ನನಗೆ ಗೊತ್ತಿಲ್ಲ ಎಂದೆ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು. ಅವರು ಹೋದ ಮೇಲೆ ಕೊಟ್ಟಿಗೆಯ ಹಿಂದಿನ ತಿಪ್ಪೆಯ ಹತ್ತಿರ ಹೋದೆ. ಒಂದು ಮಗ್ಗುಲು ಚಾಕುವಿನಲ್ಲಿ ಕತ್ತರಿಸಿದ ಹಾಗೆ ತೆಗೆದಿತ್ತು. ಅಲ್ಲಿಂದ ಬಾವಿಯವರೆಗೆ ಗೊಬ್ಬರದ ಉದುರು, ಅಲ್ಲೊಂದು ಇಲ್ಲೊಂದು, ಬುಟ್ಟಿ ತೂತಾಗಿರುವುದನ್ನು ಇವರು ಗಮನಿಸಿರಲಿಲ್ಲ.

ಮಧ್ಯಾಹ್ನ ಊಟ ತೆಗೆದುಕೊಂಡು ಹೋದೆ. ಮೋಟಾರಿನ ಮನೆಯ ನೆರಳಲ್ಲಿ ಕೂತು ಉಣ್ಣುತ್ತಿದ್ದರು. ಅಡ್ಡದಾರಿಯಲ್ಲಿ ಕೇಳಲು ನನಗೆ ಬರುವುದಿಲ್ಲ. "ಆರನೇ ನಂಬರಿಗೆ ಗೊಬ್ಬರ ಹಾಕಿದ್ದು ನೀವಾ?" ಎಂದೆ. ತುತ್ತು ನುಂಗಿ "ಹೂಂ" ಎಂದರು. ಯಾಕೆ ಎಂದೆ. "ಜನ ಬಂದ್ರೆ ಮೊದಲು ಕಾಣೋದು ಅದೇ ತಾಕು" ಎಂದರು. ನಾನು ಅದನ್ನು ಕೇಳಿರಲಿಲ್ಲ. ಮತ್ತೆ ಕೇಳಿದೆ. ಕೈ ತೊಳೆದುಕೊಂಡರು, ಟವೆಲಿನಲ್ಲಿ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ಅಪ್ಪ ಬಂದಾಗ ಅವರ ಜೋಳ ಸೋತಿದೆ ಅಂತ ನಾನು ಹೇಳ್ಬೇಕಾ?" ಎಂದರು. ಸೋಲುತ್ತದೆ ಎಂದು ಯಾರು ಹೇಳಿದರು ಎಂದೆ. ಪಾತ್ರೆ ಎತ್ತಿ ನನ್ನ ಕೈಗೆ ಕೊಟ್ಟು ಸಾಲಿನೊಳಗೆ ಹೊರಟುಹೋದರು.

ನಾನು ಆಫೀಸರಮ್ಮನಿಗೆ ತಿಳಿಸಿದೆ. ಮಾರನೇ ದಿನವೇ ತಿಳಿಸಿದೆ. ಗಂಡನ ಮೇಲೆ ಚಾಡಿ ಹೇಳಿದ ಹೆಂಡತಿ ಎಂದು ಅತ್ತಿಗೆಗೆ ಅನ್ನಿಸಿದರೆ ಅನ್ನಿಸಲಿ. ಈ ತಾಕುಗಳನ್ನು ನೋಡಿ ಸುತ್ತಲಿನ ಎಷ್ಟೋ ಮನೆಗಳು ಮುಂದಿನ ವರ್ಷ ಏನು ಬಿತ್ತಬೇಕೆಂದು ತೀರ್ಮಾನಿಸುವುದಿತ್ತು. ಗೊಬ್ಬರ ತಿಂದ ಒಂದು ತಾಕನ್ನು ತೋರಿಸಿ ಅವರನ್ನು ಕಳಿಸಿದ್ದರೆ ಅವರ ಮನೆಯ ಮಕ್ಕಳ ತಟ್ಟೆಯಲ್ಲಿ ಅದರ ಲೆಕ್ಕ ಬೀಳುತ್ತಿತ್ತು. ಆಫೀಸರಮ್ಮ ಕೂಗಾಡಲಿಲ್ಲ. "ಯಾಕೆ ಹಾಕಿದ್ರು ಅಂತ ನಂಗೆ ಬೇಡ. ಎಲ್ಲೆಲ್ಲಿ ಹಾಕಿದ್ರು ಅಷ್ಟು ಹೇಳಿ" ಎಂದರು. ಬಾವಿ ಪಕ್ಕದ ಸಾಲನ್ನೇ ಲೆಕ್ಕದಿಂದ ತೆಗೆದರು, ನಿಮ್ಮದನ್ನು ಮಾತ್ರವಲ್ಲ, ಆ ಸಾಲಿನ ಆರನ್ನೂ. ಹೋಲಿಕೆ ಅಂದರೆ ಹಾಗೆಯೇ, ಒಂದು ಕೆಟ್ಟರೆ ಪಕ್ಕದವೂ ಹೋಗಬೇಕು ಎಂದರು. ಗೂಟಗಳನ್ನು ಕೀಳುವಾಗ ಇವರು ದೂರದಲ್ಲಿ ನಿಂತು ನೋಡುತ್ತಿದ್ದರು. ಕೊನೆಯ ಗೂಟ ಬಿಗಿಯಾಗಿತ್ತು, ಆಫೀಸರಮ್ಮನ ಕೈಯಲ್ಲಿ ಬರಲಿಲ್ಲ. ಇವರೇ ಬಂದು ಕಿತ್ತುಕೊಟ್ಟರು.

ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ. ಬೇಕಾದದ್ದನ್ನೆಲ್ಲ ಅತ್ತೆಯ ಮೂಲಕ ಕೇಳುತ್ತಿದ್ದರು. "ಅಮ್ಮ, ಉಪ್ಪು ಕೊಡೋಕ್ಕೆ ಹೇಳು" ಎನ್ನುವುದು, ಉಪ್ಪು ನನ್ನ ಕೈಯಲ್ಲೇ ಇರುವಾಗ. ಅತ್ತೆ ಒಂದು ವಾರ ತಡೆದುಕೊಂಡು "ನಾನೇನು ನಿಮ್ಮಿಬ್ರ ನಡುವಿನ ಫೋನಾ?" ಎಂದು ಬೈದರು. ಯಾರ ಕಡೆ ನೀವು ಎಂದು ಕೇಳಿದ್ದಕ್ಕೆ "ನಾನು ಎಮ್ಮೆ ಕಡೆ" ಎಂದರು.

ತೆನೆ ಬಲಿತಾಗ ರೈತರನ್ನು ಕರೆದರು. ಸುತ್ತಲಿನ ಮನೆಗಳವರೆಲ್ಲ ಬಂದಿದ್ದರು, ಗಂಡಸರಿಗಿಂತ ಹೆಂಗಸರೇ ಹೆಚ್ಚು. ಪ್ರತಿ ತಾಕಿನ ಮುಂದೆ ಒಂದೊಂದು ಖಾಲಿ ಡಬ್ಬ. ಬಂದವರ ಕೈಗೆ ಕೆಲವು ಹುಣಸೆ ಬೀಜ ಕೊಟ್ಟು, ಸುತ್ತಾಡಿ ನೋಡಿ, ಹಿಡಿಸಿದ ತಳಿಯ ಡಬ್ಬಕ್ಕೆ ಹಾಕಿ ಎಂದರು. ನಂಬರಿದ್ದರೇನು, ನಿಮ್ಮ ಜೋಳವನ್ನು ಗುರುತಿಸದವರು ಅಲ್ಲಿ ಯಾರಿದ್ದರು? ತೆನೆಯ ಬಾಗನ್ನು ನೋಡಿಯೇ ಇದು ಮಾವನ ಜೋಳ ಎಂದರು. ಕೆಲವರು ನಿಮ್ಮ ಮೇಲಿನ ಗೌರವಕ್ಕೆ ಒಂದೊಂದು ಬೀಜ ಹಾಕಿ, ಉಳಿದದ್ದನ್ನು ಬೇರೆ ಕಡೆ ಹಾಕಿದರು. ಅದನ್ನು ನಾನು ನೋಡಿದೆ, ನೋಡದ ಹಾಗೆ ಇದ್ದೆ.

ಪಕ್ಕದ ಹೊಲದ ಆಮೇಲಣ್ಣನೂ ಬಂದಿದ್ದ. (ಅತ್ತಿಗೆ, ನೀವು ಮದುವೆಯಾಗಿ ಹೋದ ಮೇಲೆ ಅವನಿಗೆ ಆ ಹೆಸರು ಬಿದ್ದದ್ದು. ಏನು ಕೇಳಿದರೂ ಆಮೇಲೆ ನೋಡೋಣ ಎನ್ನುತ್ತಾನೆ. ಮಗಳಿಗೆ ಗಂಡು ನೋಡುವುದನ್ನೂ ಆಮೇಲೆ ಎಂದು ಮುಂದೂಡಿ, ಅವಳೇ ನೋಡಿಕೊಂಡಳು.) ವರ್ಷವರ್ಷವೂ ನಿಮ್ಮಿಂದಲೇ ಬೀಜ ಒಯ್ಯುವವನು ಅವನು. ಈ ಸಲ ನಾಲ್ಕನೆಯ ನಂಬರಿನ ಮುಂದೆ ನಿಂತ, ದಂಟು ಬಗ್ಗಿಸಿ ನೋಡಿದ, ಎರಡು ಕಾಳು ಕಚ್ಚಿ ನೋಡಿದ, ಹಿಡಿಯಲ್ಲಿದ್ದ ಹುಣಸೆ ಬೀಜವನ್ನೆಲ್ಲ ಒಂದೇ ಸಲಕ್ಕೆ ಆ ಡಬ್ಬಕ್ಕೆ ಸುರಿದ. "ನಂಗೆ ಇದೇ ಬೇಕು. ಈಗ್ಲೇ ಬರ್ಕೊಳ್ಳಿ" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಅವನು ಅಷ್ಟು ಬೇಗ ತೀರ್ಮಾನ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹೊರಡುವಾಗ ಪಕ್ಕಕ್ಕೆ ಕರೆದು "ಮಾವನಿಗೆ ನೀನು ಹೇಳ್ಬೇಡಮ್ಮ, ಆಮೇಲೆ ನಾನೇ ಹೇಳ್ತೀನಿ" ಎಂದ. ಅಂದರೆ ಯಾವತ್ತೂ ಹೇಳುವುದಿಲ್ಲ ಎಂದಾಯಿತು, ಆದ್ದರಿಂದ ನಾನೇ ಇಲ್ಲಿ ಹೇಳುತ್ತಿದ್ದೇನೆ.

ಅತ್ತೆಯ ಹುಣಸೆ ಬೀಜ ಯಾವ ಡಬ್ಬಕ್ಕೆ ಬಿತ್ತು ಎಂದು ನೀವು ಕೇಳುತ್ತೀರಿ. ಅವರು ಆರೂ ತಳಿಯ ದಂಟನ್ನು ಮುರಿದು ಸೆರಗಿನಲ್ಲಿ ಮನೆಗೆ ಒಯ್ದರು, ಎಮ್ಮೆಗೆ ಒಂದೊಂದಾಗಿ ಕೊಟ್ಟು ಅದು ಯಾವುದನ್ನು ಬುಡದವರೆಗೂ ತಿಂದಿತೆಂದು ನೋಡಿದರು, ವಾಪಸು ಬಂದು ನಾಲ್ಕಕ್ಕೇ ಹಾಕಿದರು. ತಮ್ಮ ಮಾತು ಉಳಿಸಿಕೊಂಡರು.

ಕೊಯ್ಲಾಯಿತು, ಒಣಗಿಸಿದೆವು, ಬಡಿದೆವು, ತೂಗಿದೆವು. ಸುತ್ತಿಬಳಸಿ ಹೇಳುವುದಿಲ್ಲ. ಕಾಳಿನ ತೂಕದಲ್ಲಿ ನಿಮ್ಮ ಜೋಳ ಆರರಲ್ಲಿ ಐದನೆಯದಾಯಿತು. ಕೊನೆಯ ಗಾಳಿಗೆ ಬದುವಿನ ತಾಕಿನಲ್ಲಿ ಅರ್ಧಕ್ಕರ್ಧ ನೆಲಕ್ಕೆ ಮಲಗಿತು. ಮೇವಿನಲ್ಲಿ ಎರಡನೆಯದು. ನಾಲ್ಕನೆಯ ನಂಬರು ಕಾಳಿನಲ್ಲಿ ಮೊದಲು, ಮೇವಿನಲ್ಲೂ ಮೊದಲು, ಗಾಳಿಗೆ ಅಲ್ಲಾಡಲಿಲ್ಲ. ಗೊಬ್ಬರ ಹಾಕಿದ ಬಾವಿ ಪಕ್ಕದ ತಾಕನ್ನು ಇವರು ತಾವೇ ಬೇರೆಯಾಗಿ ಕೊಯ್ದು ತೂಗಿದರು. ಯಾರೂ ಕೇಳಿರಲಿಲ್ಲ. ಅಷ್ಟು ಗೊಬ್ಬರ ತಿಂದೂ ಅದು ನಡುವಿನ ತಾಕಿನ ನಾಲ್ಕನೆಯ ನಂಬರಿನಷ್ಟು ತೂಗಲಿಲ್ಲ. ತಕ್ಕಡಿಯ ಮುಂದೆ ಇವರು ಕೂತ ರೀತಿ ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು.

ಅವತ್ತು ಸಂಜೆ ಇವರೇ ನಿಮಗೆ ಫೋನು ಮಾಡಿದರು. ಬೇಡ, ನಾನು ಹೇಳುತ್ತೇನೆ ಎಂದೆ, ಕೇಳಲಿಲ್ಲ. ಸೋತದ್ದನ್ನು ಹೇಳಿದರು, ಗೊಬ್ಬರ ಹಾಕಿದ್ದನ್ನೂ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ, ನಿಮ್ಮ ದನಿ ನನಗೂ ಕೇಳಿತು. ಸೋತದ್ದಕ್ಕೆ ನೀವು ಏನೂ ಅನ್ನಲಿಲ್ಲ. "ನನ್ನ ಜೋಳದ ಮೇಲೆ ನಿನಗೆ ಇಷ್ಟು ಅಪನಂಬಿಕೆನಾ? ಕದ್ದು ಗೊಬ್ಬರ ಹಾಕುವಷ್ಟು?" ಎಂದಿರಿ. ಫೋನು ಇಟ್ಟುಬಿಟ್ಟಿರಿ. ಇವರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ, ಇನ್ನೂ ಏನೋ ಬರುತ್ತದೆ ಎನ್ನುವ ಹಾಗೆ.

ಮಾವ, ನಿಮ್ಮ ಮಾತು ಸರಿ. ಅಪನಂಬಿಕೆ ಇತ್ತು. ಆದರೆ ಅದು ಎಲ್ಲಿಂದ ಬಂತೆಂದು ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಆ ಫೋನಿನ ಮರುದಿನ ಕಣದಲ್ಲಿ ಉಳಿದಿದ್ದ ಹೊಟ್ಟನ್ನು ಇನ್ನೊಮ್ಮೆ ತೂರುವಾಗ ಇವರು ತಾವಾಗಿ ಹೇಳಿದರು. ಆ ಮಾತನ್ನು ನಾನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. "ಅಪ್ಪನಿಗೆ ಈ ವರ್ಷ ಅಲ್ಲ, ಅದಕ್ಕೂ ಮೊದ್ಲಿಂದ ಕಣ್ಣು ಕಾಣ್ತಿಲ್ಲ. ತೆನೆ ಮುಟ್ಟಿ, ಹೆಂಗಿದೆಯೋ ಅಂತ ನನ್ನ ಕೇಳ್ತಾರೆ. ತೆನೆ ಚಿಕ್ಕದಾಗ್ತಾ ಬಂದಿದೆ, ಬೆರಕೆ ಬೀಳ್ತಿದೆ, ನಂಗೆ ಕಾಣುತ್ತೆ. ಪ್ರತಿ ಸಲ ಚೆನ್ನಾಗಿದೆಯಪ್ಪ ಅಂದಿದ್ದೀನಿ. ಈಗ ಪಟ್ಟಿ ಬಿಚ್ಚಿಸ್ಕೊಂಡು ಬಂದು ಮೊದಲ್ನೇ ಸಲ ಸರಿಯಾಗಿ ನೋಡ್ತಾರೆ. ನೋಡಿದ್ರೆ ಜೋಳ ಸೋತಿರೋದು ಕಾಣಲ್ಲ ಅವರಿಗೆ, ನಾನು ಸುಳ್ಳು ಹೇಳಿದ್ದು ಕಾಣುತ್ತೆ." ಇಷ್ಟೇ. ಹೊಟ್ಟು ಕಣ್ಣಿಗೆ ಬಿತ್ತು ಎಂದು ಬಾವಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಗಾಳಿ ಆಚೆ ಕಡೆಗೆ ಬೀಸುತ್ತಿತ್ತು.

ನಾನು ಯಾರ ಪರವಾಗಿಯೂ ಬರೆಯುತ್ತಿಲ್ಲ. ಇವರು ಗೊಬ್ಬರ ಹಾಕಿದ್ದು ತಪ್ಪು, ನಿಮಗೆ ಸುಳ್ಳು ಹೇಳುತ್ತಾ ಬಂದದ್ದು ಇನ್ನೂ ತಪ್ಪು. ಆದರೆ ನೀವು ಕೂಡ ಯೋಚನೆ ಮಾಡಿ. ಕಣ್ಣು ಮಂಜಾಗಿದೆ ಎಂದು ನೀವು ಯಾರಿಗಾದರೂ ಹೇಳಿದಿರಾ? ಕೋಳಿಗೆ ಬದಲು ಚೆಂಬಿಗೆ ಕಾಳು ಹಾಕಿದ ದಿನ ನಮಗೆ ಗೊತ್ತಾಯಿತು. ಹಿಂದೆ ನೀವು ಸಾಲುಸಾಲು ತಿರುಗಿ, ಒಳ್ಳೊಳ್ಳೆ ತೆನೆಗೆ ದಾರ ಕಟ್ಟಿ, ಅದನ್ನು ಮಾತ್ರ ಬೀಜಕ್ಕೆ ತೆಗೆಯುತ್ತಿದ್ದಿರಂತೆ. ನಾನು ಈ ಮನೆಗೆ ಬಂದ ಮೇಲೆ ದಾರ ನೋಡಿದ ನೆನಪು ನನಗಿಲ್ಲ. ರಾಶಿಯಿಂದಲೇ ಬೊಗಸೆ ತುಂಬಿ ಬೀಜದ ಮಡಕೆಗೆ ಹಾಕುತ್ತಿದ್ದಿರಿ. ಇದನ್ನು ಹೇಳಿದಾಗ ಆಫೀಸರಮ್ಮ, ಜೋಳ ಸೊರಗಿರುವುದಕ್ಕೆ ಅದೂ ಒಂದು ಕಾರಣ ಇರಬಹುದು, ಆರಿಸಿ ಆರಿಸಿ ಬಿತ್ತಿದರೆ ಕೆಲವು ವರ್ಷದಲ್ಲಿ ಏನಾಗುತ್ತದೆಂದು ನೋಡಬಹುದು ಎಂದರು. ಸರಿಹೋಗುತ್ತದೆ ಎಂದು ಹೇಳಲಿಲ್ಲ. ನೋಡಬಹುದು ಎಂದರು. ನಾನೂ ಅಷ್ಟನ್ನೇ ನಿಮಗೆ ದಾಟಿಸುತ್ತಿದ್ದೇನೆ.

ಮುಂದಿನ ಬೆಳೆಯ ವಿಷಯ. ದೊಡ್ಡ ಹೊಲಕ್ಕೆ ನಾಲ್ಕನೆಯ ನಂಬರು ಹಾಕುತ್ತೇವೆ. ಬದುವಿನ ಮೇಲಿನ ಪಟ್ಟಿಗೆ ನಿಮ್ಮದು. ಇದು ನನ್ನ ತೀರ್ಮಾನ. ಇವರು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ, ಅತ್ತೆ ಎಮ್ಮೆಯನ್ನು ಕೇಳಿ ಒಪ್ಪಿದ್ದಾರೆ. ನಿಮ್ಮ ಒಪ್ಪಿಗೆ ಬೇಕು. ಸಿಗದಿದ್ದರೂ ಬಿತ್ತುತ್ತೇನೆ, ಆದರೆ ಸಿಕ್ಕಿದರೆ ಸಂತೋಷದಿಂದ ಬಿತ್ತುತ್ತೇನೆ. ಇನ್ನೊಂದು: ಈ ಸುತ್ತಿನ ಬೇರೆ ಹೊಲಗಳಲ್ಲೂ ತಾಕು ಹಾಕುತ್ತಾರಂತೆ, ಅವನ್ನೆಲ್ಲ ನೋಡಿ ಬರೆಯಲು ಬರುತ್ತೀಯಾ ಎಂದು ಆಫೀಸರಮ್ಮ ಕೇಳಿದರು. ಬರುತ್ತೇನೆ ಎಂದೆ. ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಮೊದಲು ಗದ್ದ ತೋರಿಸಿದವರೇ ಇವರಾದ್ದರಿಂದ ಅನ್ನುವ ಹಾಗೂ ಇರಲಿಲ್ಲ.

ಔಷಧಿ ತಪ್ಪಿಸಬೇಡಿ. ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಕೊಳ್ಳಿ, ಮೊಮ್ಮಕ್ಕಳು ನಕ್ಕರೆ ನಗಲಿ. ಅತ್ತಿಗೆಗೂ ಭಾವನವರಿಗೂ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ಅತ್ತೆ ಏನು ಬರೆಯಲಿ ಎಂದು ಕೇಳಿದರೆ "ಬೇಗ ಬರಬೇಡಿ ಅಂತ ಬರಿ, ತಕ್ಷಣ ಬರ್ತಾರೆ" ಎಂದರು. ನಿಮ್ಮ ಹರಕೆ ನಮ್ಮೆಲ್ಲರ ಮೇಲಿರಲಿ, ಈಗ ಕೋಪದಲ್ಲಿದ್ದರೂ ಸರಿ.

ಇಂತಿ,
ನಿಮ್ಮ ಸೊಸೆ

ಮತ್ತೊಂದು ಮಾತು: ಲಕೋಟೆ ಅಂಟಿಸುತ್ತಿದ್ದೆ, ಇವರು ಬಂದು ಕೈ ಚಾಚಿದರು. ಅಂಚೆ ಡಬ್ಬಕ್ಕೆ ಹಾಕಿ ಬರುತ್ತಾರೆಂದುಕೊಂಡೆ. ನೋಡಿದರೆ ಇಸ್ತ್ರಿ ಅಂಗಿ ಹಾಕಿದ್ದಾರೆ, ಹೆಗಲಲ್ಲಿ ಚೀಲ ಇದೆ. ಸಂಜೆ ಬಸ್ಸಿಗೆ ನಿಮ್ಮಲ್ಲಿಗೇ ಹೊರಟಿದ್ದಾರೆ. ಏನು ಬರೆದಿದ್ದೀಯ ಎಂದು ಕೇಳಲಿಲ್ಲ, "ಎಲ್ಲಾ ಬರ್ದಿದ್ದೀಯಾ?" ಎಂದು ಕೇಳಿದರು. ಹೂಂ ಎಂದೆ. ಪತ್ರವನ್ನು ಅಕ್ಕನ ಕೈಗೆ ಕೊಟ್ಟು ತಾವು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಾರಂತೆ. "ಅಪ್ಪ ಪೂರ್ತಿ ಕೇಳ್ಲಿ. ಬಾ ಅಂದ್ರೆ ಒಳಗೆ ಹೋಗ್ತೀನಿ, ಇಲ್ಲಾಂದ್ರೆ ವಾಪಸ್ ಬಸ್ಸು ಹತ್ತೀನಿ" ಎನ್ನುತ್ತಿದ್ದಾರೆ. ಬೆಳಿಗ್ಗೆಯಿಂದ ಸರಿಯಾಗಿ ಉಂಡಿಲ್ಲ, ದಾರಿಯಲ್ಲೂ ಉಣ್ಣುವವರಲ್ಲ. ಬಸ್ಸಿಗೆ ಹೊತ್ತಾಯಿತು, ಬಾಗಿಲಲ್ಲಿ ನಿಂತಿದ್ದಾರೆ, ಅದಕ್ಕೇ ಅಕ್ಷರ ಹೀಗಿದೆ. ಮಾವ, ಓದುವುದು ಇಲ್ಲಿಗೆ ಮುಗಿಯಿತು. ಈಗ ಅವರು ನಿಮ್ಮ ಬಾಗಿಲಾಚೆ ಮೆಟ್ಟಿಲ ಮೇಲೆ ಇದ್ದಾರೆ. ಒಳಗೆ ಕರೆಯಿರಿ.